ಕಲ್ಲು ಬೋಳಾಗೇತಿ ಅಂತ ರಾಡಿಗೆ ಬೈಯೂಕ್ಕಿಂತ ಮೊದ್ಲ: ಗೋವಾದ ಕಡಲಕಳೆ ಹಾಸಿನ ದೋಷ ಹುಡುಕೂದು ಹೆಂಗ

ನವೆಂಬರ್ ಬಂತಂದ್ರ ನನ್ನ ಫೋನಿಗೆ ಒಂದ ನಮೂನಿ ಮೆಸೇಜ್ ಬರ್ತಾವ್ರಿ. ಅಣ್ಣಾ, ಹೋದ ವರ್ಷ ಈ ಬಂಡೆ ಮ್ಯಾಲ ಮೊಣಕಾಲಮಟ ಕಡಲಕಳೆ ಇತ್ತು, ಈ ವರ್ಷ ಬೋಳಾಗಿ ಕುಂತೈತಿ, ಅದರಾಗ ಆಡೋ ಮೀನಮರಿನೂ ಇಲ್ಲ, ಹೊಳಿ ರಾಡಿ ಎಲ್ಲಾ ಕೊಂದಹಾಕೇತಿ ಹೌದಲ್ಲೋ, ಅಂತ. ಒಂದೊಂದ್ಸಲ ಹೌದು. ಆದ್ರ ಬಾಳ ಸಲ ರಾಡಿ ಮಾಡದ ತಪ್ಪನ್ನೂ ರಾಡಿ ತಲಿಗೇ ಕಟ್ತೀವಿ, ಇನ್ನ ಖರೇನ ರಾಡಿದ ತಪ್ಪಿದ್ದಾಗ ನೀರು ಕನ್ನಡಿ ಹಂಗ ತಿಳಿ ಇರ್ತೈತಿ, ಅವಾಗ ಯಾರಿಗೂ ಡೌಟ ಬರಂಗಿಲ್ಲ. ಅದಕ ಒಮ್ಮೆ ಕುಂತು ಪೂರ್ತಿ ಬರದುಬಿಡ್ತೀನಿ.

ನಾ ಹುಟ್ಟಿ ಬೆಳದದ್ದು ವಾಸ್ಕೋದಾಗ, ಅಪ್ಪ ಬಾಗಲಕೋಟಿ ಕಡೆಯಿಂದ ಬಂದರದ ಕೆಲಸಕ್ಕ ಬಂದಾವ್ರು. ಗ್ರಾಂಡೆ ದ್ವೀಪದ ಕಡೆ ಡೈವಿಂಗ್ ಬೋಟಿನ ಮ್ಯಾಲ ಕೆಲಸ ಮಾಡ್ಕೋಂತ, ಕಾಲೇಜ್ ಹುಡುಗರು ಸರ್ವೆಗೆ ಬಂದಾಗ ಅವರ ಹಗ್ಗ, ಚೌಕಟ್ಟು ಹಿಡಕೊಂಡು ನೀರಿಗಿಳದು ಕಲತದ್ದು ಇದು. ನಮ್ಮ ಕನ್ನಡ ಹುಡುಗರು ಈಗ ಬೋಟಿನ ಮ್ಯಾಲ ಬಾಳ ಮಂದಿ ಅದಾರ, ಅವರ ಸಲುವಾಗೇ ಇದು.

ಒಂದು ಮಾತು ಮೊದ್ಲ ಕ್ಲಿಯರ್ ಮಾಡ್ಕೊಳ್ರಿ. ಟೂರಿಸ್ಟ್ ಮಂದಿ ಟೀವಿಯಾಗ ನೋಡಿ ಕೆಲ್ಪ್ ಕಾಡು ಎಲ್ಲೈತಿ ತೋರ್ಸು ಅಂತಾರ. ಗೋವಾದಾಗ ಕೆಲ್ಪ್ ಇಲ್ಲ. ಕೆಲ್ಪ್ ಅಂದ್ರ ಲ್ಯಾಮಿನಾರಿಯೇಲ್ಸ್ ಅನ್ನೋ ಗುಂಪಿನ ಕಂದು ಪಾಚಿ, ತಣ್ಣನ ನೀರಿಂದು, ಕ್ಯಾಲಿಫೋರ್ನಿಯಾ, ಚಿಲಿ, ನಾರ್ವೆ, ಟಾಸ್ಮೇನಿಯಾ ಅಂಥಾ ಕಡೆ ಬೆಳಿತೈತಿ, ಅದರಾಗ ದೈತ್ಯ ಕೆಲ್ಪ್ ಅಂತೂ ಚಲೋ ದಿನಮಾನದಾಗ ದಿನಕ್ಕ ಅರ್ಧ ಮೀಟರ್ ಉದ್ದ ಆಗ್ತೈತಿ. ನಮ್ಮ ಕಡೆ ಆ ಜಾಗಾ ತುಂಬೂದು ಸರ್ಗಾಸಮ್. ಇದೂ ಕಂದು ಪಾಚಿನ, ಆದ್ರ ಗುಂಪು ಬ್ಯಾರೆ, ಸಣ್ಣ ಸಣ್ಣ ಗಾಳಿಗುಳ್ಳಿ ಇರ್ತಾವ, ಅಂಜುಣಾ, ವಾಗಾತೋರ್, ದೋನಾ ಪಾವ್ಲಾ ಕಲ್ಲಿನ ಮ್ಯಾಲ ನೀವೆಲ್ಲಾ ತುಳದೇ ಇರ್ತೀರಿ. ಗಿಡ ಬ್ಯಾರೆ ಆದ್ರೂ ಕೆಲಸ ಒಂದ: ಕಲ್ಲು ಹಿಡಕೊಂಡು ನಿಂತು, ಏಡಿಮರಿ, ಮೀನಮರಿ, ಸೀಗಡಿಯಂಥ ಸಣ್ಣ ಹುಳ, ಬೇರಿನ ಸಂದಿಯಾಗಿನ ಹಾವುನಕ್ಷತ್ರ ಅನ್ನೋ ನಕ್ಷತ್ರಮೀನಿನಂಥ ಜೀವಿ, ಎಲ್ಲಾಕ್ಕೂ ಮನಿ ಆಗೂದು. ಬೇರು ಅಂದ್ನಲ್ಲ, ಅದು ಖರೇ ಬೇರಲ್ಲ, ನೀರು ಹೀರಂಗಿಲ್ಲ, ಬರೇ ಕಲ್ಲು ಹಿಡಿಯೋ ಕೈ. ಹಿಡಿಗಾಲು ಅಂತೀನಿ ನಾ. ಹೂಳಿನ ಕಥಿ ಪೂರ್ತಿ ಈ ಹಿಡಿಗಾಲಿಗೇ ಬಂದು ನಿಲ್ತೈತಿ.

ಮೊದ್ಲ ಕ್ಯಾಲೆಂಡರ್ ನೋಡ್ರಿ

ದೋಷ ಐತೋ ಇಲ್ಲೋ ಅನ್ನೂದ ಮೊದಲ್ನೇ ಪ್ರಶ್ನೆ. ಸರ್ಗಾಸಮ್ ಮಳಿಗಾಲ ಮುಗದ ಮ್ಯಾಲ ಚಿಗುರಿ, ಚಳಿಗಾಲದಾಗ ತುಂಬಿ ನಿಂತು ಬೀಜ ಬಿಟ್ಟು, ಬ್ಯಾಸಿಗಿ ಬರೂದರಾಗ ಕಿತ್ತಕೊಂಡು ದಂಡಿಗೆ ಬಂದು ಬೀಳ್ತೈತಿ, ಕಲ್ಲಿನ ಮ್ಯಾಲ ಬರೇ ಹಿಡಿಗಾಲು, ಗೇಣಿನಷ್ಟ ದಂಟು ಉಳಿತಾವ. ಅಂದ್ರ ಏಪ್ರಿಲ್‌ದಾಗ ಬೋಳು ಕಂಡ್ರ ಅದು ರೋಗ ಅಲ್ಲ, ಬಿತ್ತಿ ಕೊಯ್ದ ಮ್ಯಾಲ ನಮ್ಮ ಕಡೆ ಹೊಲ ಬೋಳ ಇರಂಗಿಲ್ಲೇನು, ಹಂಗ. ಜನವರಿ ಫೋಟೋಕ್ಕೂ ಏಪ್ರಿಲ್ ಫೋಟೋಕ್ಕೂ ಹೋಲಿಸಿ ನಾಶ ಆತು ಅಂತ ಹಾಕಬ್ಯಾಡ್ರಿ. ಜನವರಿ ಫೋಟೋಕ್ಕ ಜನವರಿದ ಬೇಕು.

ಎರಡನೇದು ಮರಳು ತಿರುಗಾಟ. ಮಳಿಗಾಲದ ದೊಡ್ಡ ತೆರಿ ದಂಡೆ ಮರಳನ್ನ ಕಿತ್ತು ಆಳಕ್ಕ ಒಯ್ತಾವ, ಮಳಿ ನಿಂತ ಮ್ಯಾಲ ಸಣ್ಣ ತೆರಿ ಅದ ಮರಳನ್ನ ಸಾವಕಾಶ ತಂದು ದಂಡಿಗೆ ಹಾಕ್ತಾವ. ದಂಡೆ ಬದಿಯ ತಗ್ಗಿನ ಕಲ್ಲು ಅಕ್ಟೋಬರಿನಾಗ ಎದ್ದು ಕಂಡು ಮಾರ್ಚಿನಾಗ ಪೂರ್ತಿ ಹುಗದು ಹೋಗೂದು ವರ್ಷಾ ನಡೆಯೂ ಮಾತು. ಅಲ್ಲಿ ಕಡಲಕಳೆ ಮೊದಲಿಂದಾನೂ ನಿಂತಿಲ್ಲ, ನಿಲ್ಲಂಗೂ ಇಲ್ಲ. ಅದನ್ನ ತಿಳಿಯಾಕ ರಾಂಪಣಿ ಅನ್ನೋ ದೊಡ್ಡ ದಂಡಿಬಲಿ ಎಳಿಯೋ ಹಳೇ ಕಾಕಾನ ಕೇಳ್ರಿ, ಯಾವ ಕಲ್ಲು ಯಾವ ತಿಂಗಳು ಮುಚ್ಚತೈತಿ ಅಂತ ಅವ ಬಾಯಲ್ಲೇ ಹೇಳ್ತಾನ, ನಿಮ್ಮ ಎರಡು ವರ್ಷದ ಸರ್ವೆಕ್ಕಿಂತ ಅದು ಪಕ್ಕಾ.

ಬೋಳು ಎಲ್ಲಿ ಐತಿ ಅನ್ನೂದೇ ಅರ್ಧ ಉತ್ತರ

ಇದು ನನಗ ಬಾಳ ತಡವಾಗಿ ತಿಳೀತು. ಮೊದ್ಲೆಲ್ಲಾ ನೀರಿಗೆ ಇಳದು ಐತಿ, ಇಲ್ಲ, ಇಷ್ಟ ಬರಕೊಂಡು ಬರ್ತಿದ್ದೆ. ಈಗ ಕಲ್ಲಿನ ಯಾವ ಮೈ ಬೋಳಾಗೇತಿ ಅಂತ ಚಿತ್ರ ತಗೀತೀನಿ. ಯಾಕಂದ್ರ ಒಂದೊಂದು ಕಾರಣಾನೂ ಕಲ್ಲಿನ ಮ್ಯಾಲ ಬ್ಯಾರೆ ಬ್ಯಾರೆ ಗುರ್ತು ಬಿಟ್ಟು ಹೋಗ್ತೈತಿ.

ಮ್ಯಾಲಿನ ಒಂದು ಮೀಟರಿನಾಗ ಎಲ್ಲಾ ಸತ್ತು, ಅದಕ್ಕಿಂತ ಕೆಳಗ ಗಿಡ ಚಲೋ ಇದ್ರ ಸಿಹಿನೀರಿನ ಹೊಡತ ಅಂತ ಮೊದ್ಲ ನೆನಸ್ರಿ. ಮಳಿಗಾಲದಾಗ ಮಾಂಡೋವಿ, ಜುವಾರಿ ಎರಡೂ ಹೊಳಿ ತುಂಬಿ ಬರ್ತಾವ, ಸಿಹಿನೀರು ಹಗುರ, ಉಪ್ಪುನೀರಿನ ಮ್ಯಾಲ ಹಾಸಿಗಿ ಹಂಗ ಹಾಸ್ಕೊಂಡು ನಿಲ್ತೈತಿ. ಅದರ ಜತಿಗೆ ಕೆಂಪು ಬಣ್ಣಾನೂ ಬರೂದಕ್ಕ ಮಂದಿ ರಾಡಿ ಅಂತಾರ, ಕೊಂದದ್ದು ಮಾತ್ರ ಉಪ್ಪಿಲ್ಲದ ನೀರು. ಉಪ್ಪು ಅಳಿಯೋ ರಿಫ್ರ್ಯಾಕ್ಟೋಮೀಟರ್ ಇದ್ರ ಮ್ಯಾಲಿಂದು ಒಂದು, ತಳದ್ದು ಒಂದು ಹನಿ ನೋಡಿದ್ರ ಮುಗೀತು, ತೆರೆದ ಕಡಲಿನ ಉಪ್ಪು ಸಾವಿರಕ್ಕ 35ರ ಆಸುಪಾಸು ಇರ್ತೈತಿ.

ಅದರ ಉಲ್ಟಾ, ಮ್ಯಾಲ ಚಲೋ ಇದ್ದು ಆಳದ ಗಿಡ ಮೊದ್ಲ ಹೋಗಿದ್ರ ಅದು ಬೆಳಕಿನ ಕೊರತಿ. ನೀರಾಗ ತೇಲೋ ರಾಡಿ ನೆರಳು ಮಾಡೇತಿ ಅಂತರ್ಥ.

ಕಲ್ಲಿನ ನೆತ್ತಿ ಹಸರಾಗಿದ್ದು, ಮರಳಿಗೆ ಹತ್ತಿದ ಬುಡದ ಮೊಳ ಎರಡು ಮೊಳ ಮಾತ್ರ ಉಜ್ಜಿ ಪಾಲಿಶ್ ಮಾಡಿದಂಗ ಬೋಳಿದ್ರ ಅದು ಮರಳು ತಿಕ್ಕಾಟ. ತೆರಿ ಜೋಡಿ ಮರಳಿನ ಹರಳು ಮರಳು ಕಾಗದದಂಗ ತಿಕ್ಕತಾವ, ಎಳೇ ಗಿಡ ಉಳಿಯಂಗಿಲ್ಲ.

ಇನ್ನ ಸಪಾಟಾದ ಮೈ ಬೋಳು, ನಿಂತ ಗ್ವಾಡಿಯಂಥ ಮೈ, ಅಂಚು, ಮೂಲಿಗೋಳು ಹಸರು ಇದ್ರ, ಅಲ್ಲಿ ನಿಲ್ರಿ. ಇದ ನಾವು ಹುಡುಕೋ ಕಳ್ಳ. ನುಣ್ಣನ ಹೂಳು ಸಪಾಟ ಜಾಗದಾಗ ಕೂಡ್ತೈತಿ, ನಿಂತ ಗ್ವಾಡಿ ಮ್ಯಾಲ ಕೂಡಂಗಿಲ್ಲ. ಬೆಳಕು ಕಡಿಮಿ ಆಗಿದ್ರ ನಿಂತ ಗ್ವಾಡಿಗೆ ಇನ್ನೂ ಕಡಿಮಿ ಬೆಳಕು ಸಿಗ್ತಿತ್ತು, ಅಲ್ಲಿ ಮೊದ್ಲ ಸಾಯ್ಬೇಕಿತ್ತು. ಸತ್ತಿಲ್ಲ ಅಂದ್ರ ನೆರಳಿನ ಕೇಸ್ ಅಲ್ಲ.

ಹಿಡಿಗಾಲು, ಗಿಡ್ಡ ದಂಟು ಇದ್ದು ಎಲಿ ಅಷ್ಟ ಕಚ್ಚಿದಂಗ ಅರ್ಧಚಂದ್ರ ಗುರ್ತು ಇದ್ರ ಮೀನ ಮೇದಾವ. ನಡದಾಡೋ ದಾರಿಗುಂಟ ಮಾತ್ರ ಪಟ್ಟಿ ಬಿದ್ದಂಗ ಬೋಳಿದ್ರ ಅದು ಕಾಲು, ಅಂಜುಣಾ ಕಡೆ ಸುಕ್ತಿ ಟೈಮಿಗೆ ಸೆಲ್ಫಿಗೆ ಎಷ್ಟ ಮಂದಿ ಕಲ್ಲ ತುಂಬ ಓಡಾಡ್ತಾರ ನೋಡ್ರಿ. ಸುಕ್ತಿ ಅಂದ್ರ ಕೊಂಕಣಿಯಾಗ ಇಳಿತ, ಬೋಟಿನ ಮ್ಯಾಲ ನಾವೆಲ್ಲಾ ಹಂಗ ಅನ್ನೂದು.

ಹೂಳಿಗೆ ನಾಕ ಮುಖ

ಈಗ ಹೂಳ ಅಂತ ಅನುಮಾನ ಗಟ್ಟಿ ಆತು ಅನ್ರಿ. ಅಲ್ಲಿಗೇ ನಿಲ್ಲಿಸಿದ್ರ ಉಪಯೋಗಿಲ್ಲ, ಯಾಕಂದ್ರ ಹೂಳು ನಾಕು ನಮೂನಿ ಕೊಲ್ತೈತಿ: ನೀರಾಗ ತೇಲಿ ನೆರಳು ಮಾಡಿ, ಮ್ಯಾಲ ಬಿದ್ದು ಹುಗದು, ತಿಕ್ಕಿ, ಮತ್ತ ಕಲ್ಲಿನ ಮ್ಯಾಲ ತೆಳುವಾಗಿ ಧೂಳ ಹಂಗ ಕುಂತು ಹೊಸ ಮರಿ ಹತ್ತದಂಗ ಮಾಡಿ. ಒಂದೊಂದಕ್ಕೂ ಇಲಾಜ ಬ್ಯಾರೆ.

ನೆರಳಿನ ಕೇಸಿಗೆ ಚಲೋ ಉದಾಹರಣಿ ಕೆಲ್ಪ್ ನಾಡಿನಾಗೇ ಐತಿ. ಅಮೆರಿಕಾದ ವಾಷಿಂಗ್ಟನ್ ರಾಜ್ಯದಾಗ ಎಲ್ವಾ ಅನ್ನೋ ಹೊಳಿಯ ಎರಡು ಡ್ಯಾಮ್ 2011ರಿಂದ 2014ರ ಮಟ ಒಡದು ತಗದ್ರು, ಮೀನ ತಿರಗಿ ಹೊಳಿ ಹತ್ಲಿ ಅಂತ. ಡ್ಯಾಮ್ ಹಿಂದ ವರ್ಷಾನುಗಟ್ಟಲೆ ಕುಂತಿದ್ದ ಹೂಳು ಒಮ್ಮಿಗೆ ಕಡಲಿಗೆ ಬಂತು, ನದಿ ಬಾಯಿ ಸುತ್ತ ಕೆಲ್ಪ್ ಕುಸೀತು. ಎಲ್ಲಾರೂ ಹುಗದು ಸತ್ತಾವ ಅಂತಿದ್ರು, ಡೈವರುಗಳು ಇಳದು ನೋಡಿದ್ರ ತಳದಾಗ ಹೂಳು ಕುಂತಿಲ್ಲದ ಕಡೆನೂ ಕೆಲ್ಪ್ ಹೋಗಿತ್ತು, ಅಂದ್ರ ಕೊಂದದ್ದು ತೇಲೋ ರಾಡಿಯ ನೆರಳು. ರಾಡಿ ಕಡಿಮಿ ಆದಂಗ ಕೆಲ್ಪ್ ತಿರಗಿ ಬಂತು. ನೆರಳಿನ ದೋಷದ ಗುಣ ಇದು ನೋಡ್ರಿ, ಕಲ್ಲು ಕೆಟ್ಟಿರಂಗಿಲ್ಲ, ಪರದೆ ಸರಿಸಿದ್ರ ಸಾಕು.

ಆದ್ರ ಪರದೆ ಸರಿಯದ ಕೇಸೂ ಐತಿ. ಕ್ಯಾಲಿಫೋರ್ನಿಯಾದ ಸ್ಯಾನ್ ಓನೋಫ್ರೆ ಅಣುವಿದ್ಯುತ್ ಸ್ಥಾವರದ ಎರಡು ದೊಡ್ಡ ಯೂನಿಟ್ 1983, 84ರಾಗ ಚಾಲೂ ಆದ್ವು, ಮಶಿನ್ ತಂಪು ಮಾಡಿದ ನೀರನ್ನ ಕಡಲ ತಳದ ಪೈಪಿನ ತೂತಿನಿಂದ ಹೊರಗ ಬಿಡ್ತಿದ್ರು. ಆ ನೀರು ಹಾರಿ ಬರೋ ರಭಸಕ್ಕ ದಂಡೆ ಬದಿಯ ಕದಡಿದ ನೀರೂ ಅದರ ಜೋಡಿ ಎಳಕೊಂಡು ಕೆಲ್ಪ್ ಹಾಸಿನ ಮ್ಯಾಲ ಹೋಗ್ತಿತ್ತು. ವರ್ಷಾನುಗಟ್ಟಲೆ ಅಳದು ನೋಡಿದ ಸಮಿತಿ 1989ರಾಗ ರಿಪೋರ್ಟ್ ಕೊಡ್ತು, ಕೆಲ್ಪ್ ಹಾಸು ಕಡಿಮಿ ಆಗೇತಿ ಅಂತ. ಅದಕ್ಕ ಬದಲಿ ಸ್ಯಾನ್ ಕ್ಲೆಮೆಂಟೆ ಎದುರು ಕಡಲಾಗ ಕಲ್ಲ ಹಾಕಿ ಹೊಸಾ ಹಾಸು ಮಾಡ್ಬೇಕಾತು, 1999ರಾಗ ಟ್ರಯಲ್, 2008ರಾಗ ದೊಡ್ಡದು. ನನಗ ಇದರಾಗ ಮನಸಿಗೆ ನಾಟಿದ್ದು ಏನಂದ್ರ, ಸ್ಥಾವರ ಹೊಸಾ ರಾಡಿ ಮಾಡಲೇ ಇಲ್ಲ, ಇದ್ದ ರಾಡಿನ ಜಾಗಾ ಬದಲ ಮಾಡ್ತು ಅಷ್ಟ. ಜೆಟ್ಟಿ ಕಟ್ಟಿದಾಗ, ಹಡಗಿನ ದಾರಿ ಹೂಳೆತ್ತಿದಾಗ ನಮ್ಮ ಕಡೆನೂ ಇದನ್ನ ಕೇಳ್ಬೇಕು: ಎಷ್ಟ ರಾಡಿ ಬಂತು ಅಂತ ಅಲ್ಲ, ಎಲ್ಲಿ ಹೊಂಟೈತಿ ಅಂತ.

ಬೆಳಕು ಅಳಿಯಾಕ ದುಬಾರಿ ಮಶಿನ್ ಬ್ಯಾಡ. 30 ಸೆಂಟಿಮೀಟರಿನ ಬಿಳಿ ತಟ್ಟೆಗೆ ಭಾರ ಕಟ್ಟಿ, ಗಂಟು ಹಾಕಿದ ಹಗ್ಗಕ್ಕ ಇಳಿಬಿಡ್ರಿ, ಕಣ್ಣಿಗೆ ಮರೆ ಆಗೋ ಆಳ ಬರಕೊಳ್ರಿ. ಸೆಕ್ಕಿ ತಟ್ಟೆ ಅಂತ ಇದಕ್ಕ, 1865ರಾಗ ಇಟಲಿಯ ಪಾದ್ರಿ ಆಂಜೆಲೋ ಸೆಕ್ಕಿ ಹಡಗಿನ ಮ್ಯಾಲಿಂದ ಮಾಡಿ ನೋಡಿದ್ದು. 1.7ನ್ನ ಆ ಆಳದಿಂದ ಭಾಗಿಸಿದ್ರ ಬೆಳಕು ಎಷ್ಟ ಜಲ್ದಿ ಸಾಯ್ತೈತಿ ಅನ್ನೋ ಅಂದಾಜು ಸಿಗ್ತೈತಿ. ಲೆಕ್ಕ ಮಾಡಿ ನೋಡೇನಿ: ತಟ್ಟೆ 3 ಮೀಟರಿಗೆ ಮರೆ ಆದ್ರ 3 ಮೀಟರ್ ತಳದ ಗಿಡಕ್ಕ ಮ್ಯಾಲಿನ ಬೆಳಕಿನಾಗ ಸುಮಾರು 18 ಪರ್ಸೆಂಟ್ ಸಿಗ್ತೈತಿ, ತಟ್ಟೆ 1 ಮೀಟರಿಗೇ ಮರೆ ಆದ್ರ ಅದ ಗಿಡಕ್ಕ 1 ಪರ್ಸೆಂಟೂ ಇಲ್ಲ. ಒಂದ ದಿನದ ಅಳತಿ ನಂಬಬ್ಯಾಡ್ರಿ, ವಾರಕ್ಕ ಎರಡು ಸಲ, ಭರ್ತಿಗೊಂದು (ಭರ್ತಿ ಅಂದ್ರ ಉಬ್ಬರ) ಸುಕ್ತಿಗೊಂದು, ಎರಡು ತಿಂಗಳು. ಹುಣ್ಣಿವಿ ಅಮಾಸಿ ಹತ್ರ ನೀರು ಜೋರು ಓಡಾಡಿ ತಳ ಕದಡ್ತೈತಿ, ಆ ದಿನ ಅಷ್ಟ ನೋಡಿದ್ರ ಎಲ್ಲಾ ಕೆಟ್ಟಂಗ ಕಾಣ್ತೈತಿ.

ತಿಳಿನೀರಿನ ಕೆಳಗಿನ ಧೂಳು

ಈಗ ನಾಕನೇ ಮುಖಕ್ಕ ಬರ್ತೀನಿ, ಇದನ್ನ ಬರೀಬೇಕಂತಲೇ ನಾ ಕುಂತದ್ದು.

ಕೆಲ್ಪಿನ ಬೀಜ ಅಂದ್ರ ಬರಿಗಣ್ಣಿಗೆ ಕಾಣದ ಸ್ಪೋರು, ಒಂದು ಮಿಲಿಮೀಟರಿನಾಗ ನೂರಾರು ಹಿಡಿಸ್ತಾವ, ಈಜ್ಕೋಂತ ಬಂದು ಕಲ್ಲಿಗೆ ಹತ್ಬೇಕು, ಅಲ್ಲೇ ಗಂಡು ಹೆಣ್ಣು ಸಣ್ಣ ಎಳಿಗೋಳಾಗಿ ಬೆಳದು, ಕೂಡಿ, ಆಮ್ಯಾಲ ನಾವು ನೋಡೋ ದೊಡ್ಡ ಗಿಡ. 1978ರಾಗ ಡೆವಿನ್ನಿ, ವೋಲ್ಸೆ ಅನ್ನೋ ಇಬ್ರು ದೈತ್ಯ ಕೆಲ್ಪಿನ ಈ ಎಳೇ ಹಂತದ ಮ್ಯಾಲ ಲ್ಯಾಬಿನಾಗ ಹೂಳು ಹಾಕಿ ನೋಡಿದ್ರು, ಗಾಜಿನ ತಳ ಮುಚ್ಚೋವಷ್ಟ ತೆಳು ಪದರ ಸಾಕಾತು, ಬಾಳಷ್ಟು ಉಳೀಲಿಲ್ಲ. ಸ್ಪೋರಿಗೆ ಒಂದು ಮಣ್ಣಿನ ಕಣ ಅಂದ್ರ ನಮಗ ದೊಡ್ಡ ಗುಂಡಗಲ್ಲು ಇದ್ದಂಗ, ಅದರ ಮ್ಯಾಲ ಹತ್ತಿದ್ರ ಮುಂದಿನ ತೆರಿಗೆ ಕಣದ ಜೋಡಿ ತಾನೂ ಹೊಂಟಹೋತು.

ಸರ್ಗಾಸಮ್ ಸ್ವಲ್ಪ ಬ್ಯಾರೆ. ಇದಕ್ಕ ಈಜೋ ಸ್ಪೋರು ಇಲ್ಲ. ತಾಯಿಗಿಡದ ಮ್ಯಾಲೇ ತತ್ತಿ ಫಲಿತು, ಮರಿಯಾಗಿ, ಆಮ್ಯಾಲ ಕೆಳಗ ಬೀಳ್ತೈತಿ. ಸ್ಪೋರಿಗಿಂತ ಬಾಳ ದೊಡ್ಡದು, ಭಾರ, ಅದಕ ಧೂಳಿಗೆ ಸ್ವಲ್ಪ ತಡ್ಕೋತೈತಿ. ಆದ್ರ ಭಾರ ಇರೂದಕ್ಕ ದೂರ ಹೋಗಂಗಿಲ್ಲ, ಬಾಳಷ್ಟು ತಾಯಿ ಬುಡದ ಹತ್ರಾನೇ ಬೀಳ್ತಾವ. ಅಲ್ಲಿ ಕಲ್ಲಿನ ಬದಲಿ ಸಡಲ ಹೂಳು ಇದ್ರ ಹಿಡಿಗಾಲಿಗೆ ಹಿಡಿಯಾಕ ಏನೂ ಇಲ್ಲ. ದೊಡ್ಡ ಗಿಡಕ್ಕ ಆ ಧೂಳು ಏನೂ ಮಾಡಂಗಿಲ್ಲ ನೋಡ್ರಿ, ಅದು ಚಂದಾಗಿ ತೂಗಾಡ್ತಿರ್ತೈತಿ, ನಾವು ಮ್ಯಾಲಿಂದ ನೋಡಿ ಹಾಸು ಆರಾಮ ಐತಿ ಅಂತ ಬರಕೊಂಡು ಬರ್ತೀವಿ. ಹಳೇ ಗಿಡ ವಯಸ್ಸಾಗಿ ಸತ್ತ ವರ್ಷ ಒಮ್ಮೆಲೇ ಬೋಳು ಕಾಣ್ತೈತಿ. ತಪ್ಪು ನಡದದ್ದು ಎರಡು ಮೂರು ವರ್ಷ ಹಿಂದ, ಮರಿ ಬೀಳೋ ತಿಂಗಳಿನಾಗ. ಈ ವರ್ಷದ ನೀರ ತಿಳಿ ಐತೋ ಕದಡೇತೋ ಅನ್ನೂದಕ್ಕೂ ಇದಕ್ಕೂ ಸಂಬಂಧಿಲ್ಲ.

ಇದಕ್ಕ ಪರೀಕ್ಷೆ ಸರಳ ಐತಿ. ಮೊದ್ಲ ಕೈಬೀಸು ಪರೀಕ್ಷೆ. ಕಲ್ಲಿನ ಒಂದ ಗೇಣ ಮ್ಯಾಲ ಅಂಗೈ ಒಮ್ಮೆ ಜೋರ ಬೀಸ್ರಿ. ಹೊಗಿ ಎದ್ದಂಗ ಎದ್ದು ಕೈ ಮುಚ್ಚಿಹೋದ್ರ ಹೂಳು ಐತಿ. ಹೊಗಿ ಹತ್ತು ಎಣಿಸೂದರಾಗ ಕುಂತ್ರ ಮರಳು, ನೀವು ದಾಟಿ ಹೋಗಿ ತಿರಗಿ ಬಂದ್ರೂ ತೇಲ್ತಿದ್ರ ನುಣ್ಣಂದು. ಆಮ್ಯಾಲ 10 ಸೆಂಟಿಮೀಟರ್ ಉದ್ದ ಅಗಲದ ತಂತಿ ಚೌಕಟ್ಟು ಕಲ್ಲಿನ ಮ್ಯಾಲ ಇಟ್ಟು, ಅದರೊಳಗಿಂದು ಅಷ್ಟ ದೊಡ್ಡ ಸಿರಿಂಜಿಲೆ ಎಳಕೊಳ್ರಿ, ಕಾಫಿ ಫಿಲ್ಟರ್ ಕಾಗದದಾಗ ಸೋಸಿ, ಸಿಹಿನೀರಿಲೆ ಉಪ್ಪು ತೊಳದು, ಒಣಗಿಸಿ ತೂಗ್ರಿ. 1 ಗ್ರಾಂ ಬಂದ್ರ ಚದರ ಸೆಂಟಿಮೀಟರಿಗೆ 10 ಮಿಲಿಗ್ರಾಂ ಅಂದಂಗ. ಕಾಗದದ ತೂಕ ಮೊದ್ಲೇ ಬರಕೊಂಡಿರ್ರಿ. ಬೋಳು ಮೈಯಿಂದ ಐದು, ಹಸರು ಮೈಯಿಂದ ಐದು ಸ್ಯಾಂಪಲ್. ಫರಕ ಇಲ್ಲಂದ್ರ ಧೂಳು ಕಾರಣ ಅಲ್ಲ, ಬ್ಯಾರೆ ಹುಡುಕ್ರಿ.

ಪೈಪ್ ತುಂಡು ನಿಲ್ಲಿಸಿ ಬೀಳೋ ಹೂಳು ಹಿಡಿಯೋ ಟ್ರ್ಯಾಪನ್ನ ಬಾಳ ಮಂದಿ ಮಾಡ್ತಾರ. ಅದು ಎಷ್ಟ ಬೀಳ್ತೈತಿ ಅಂತ ಹೇಳ್ತೈತಿ, ಎಷ್ಟ ನಿಲ್ತೈತಿ ಅಂತ ಹೇಳಂಗಿಲ್ಲ. ತೆರಿ ಹೊಡಿಯೋ ಕಡೆ ಟ್ರ್ಯಾಪ್ ತುಂಬಿರ್ತೈತಿ, ಪಕ್ಕದ ಕಲ್ಲು ತೊಳದಿಟ್ಟಂಗ ಇರ್ತೈತಿ. ಟ್ರ್ಯಾಪ್ ಇಡೂದಾದ್ರ ಅಗಲಕ್ಕಿಂತ ಐದು ಪಟ್ಟು ಎತ್ತರದ ಪೈಪ್ ಇಡ್ರಿ, ಗಿಡ್ಡ ಡಬ್ಬಿ ಇಟ್ರ ಒಳಗ ಬಿದ್ದದ್ದು ತೆರಿಗೆ ಮತ್ತ ಹೊರಗ ಹೋಗ್ತೈತಿ.

ಹೂಳು ಯಾವ ತರದ್ದು ಅಂತ ತಿಳಿಯಾಕ ಬಾಟ್ಲಿ. ಉದ್ದನ ಗಾಜಿನ ಬಾಟ್ಲಿಯಾಗ 10 ಸೆಂಟಿಮೀಟರ್ ಸಿಹಿನೀರು, ತೊಳದ ಹೂಳು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದ ಹನಿ, ಜೋರಾಗಿ ಅಲುಗಾಡಿಸಿ ಇಡ್ರಿ. ಒಂದು ನಿಮಿಷದಾಗ ಕುಂತದ್ದು ಮರಳು. ಎರಡು ತಾಸಿನಾಗ ಕುಂತದ್ದು ನುಣುಪು ಹೂಳು. ಅದರ ಮ್ಯಾಲೂ ನೀರು ಮಬ್ಬ ಇದ್ರ ಜಿಗಟು ಮಣ್ಣು. ಕಡಲನೀರಾಗ ಮಾಡಬ್ಯಾಡ್ರಿ, ಉಪ್ಪಿಗೆ ಸಣ್ಣ ಕಣ ಒಂದಕ್ಕೊಂದು ಹತ್ತಿ ಗಡ್ಡೆಯಾಗಿ ಜಲ್ದಿ ಕೂಡ್ತಾವ, ಮರಳು ಜಾಸ್ತಿ ಐತಿ ಅಂತ ಮೋಸ ಹೋಗ್ತೀರಿ. ನಾ ಒಂದು ಸೀಜನ್ ಪೂರ್ತಿ ಹಂಗ ತಪ್ಪಾಗಿ ಬರದೇನಿ.

ಬಣ್ಣ ನೋಡಿ ತೀರ್ಪು ಕೊಡಬ್ಯಾಡ್ರಿ. ಕೆಂಪು ಕಂಡ ಕೂಡಲೇ ಗಣಿ ಅಂತಾರ. ಗೋವಾದ ಕಬ್ಬಿಣ ಅದಿರು ದಶಕಗಟ್ಟಲೆ ಬಾರ್ಜಿನಾಗ ಇವೇ ಎರಡು ಹೊಳಿ ಇಳದು ಮೊರ್ಮುಗಾವ್ ಬಂದರಕ್ಕ ಬಂದದ್ದು ಖರೇ, 2012ರಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದೂ ಖರೇ, 2018ರಾಗ ಮತ್ತ ನಿಂತದ್ದೂ ಖರೇ. ಆದ್ರ ಇಲ್ಲಿ ಗುಡ್ಡದ ಜಂಬಿಟಗಿ ಮಣ್ಣೇ ಕೆಂಪು. ರಸ್ತೆಗೆ ಗುಡ್ಡ ಕಡದ್ರೂ, ಮನಿಗೆ ಪಾಯ ತಗದ್ರೂ ಅದ ಕೆಂಪು ಬರ್ತೈತಿ. ಕರೇದಾಗಿ ಕೊಳತ ತತ್ತಿ ವಾಸನಿ ಹೊಡದ್ರ ಮಾತ್ರ ಒಂದು ಗ್ಯಾರಂಟಿ, ಅಲ್ಲಿ ಹೂಳು ದಪ್ಪ ಕುಂತು ಒಳಗ ಆಕ್ಸಿಜನ್ ಮುಗದೈತಿ, ಅದರೊಳಗ ಹಿಡಿಗಾಲೂ ಕೊಳೀತೈತಿ.

ಜೀವಿಗೋಳನ್ನೂ ಸಾಕ್ಷಿ ಕೇಳ್ರಿ. ಶಿಣಾಣ್ಯೊ, ಅಂದ್ರ ಕಾರವಾರ ಕಡೆ ನೀಲಿಕಲ್ಲು ಅಂತಾರಲ್ಲ ಆ ಹಸರು ಚಿಪ್ಪು, ನೀರು ಸೋಸಿ ತಿನ್ನೂ ಜೀವ. ನೀರಾಗ ಮಣ್ಣು ಜಾಸ್ತಿ ಆದ್ರ ಅದನ್ನ ಲೋಳಿಯಾಗ ಸುತ್ತಿ ಹೊರಗ ಉಗೀತೈತಿ, ಉಗಳೂದರಾಗೇ ಶಕ್ತಿ ಹೋಗಿ ಬೆಳಿಯಂಗಿಲ್ಲ. ಸ್ಪಂಜು, ಹವಳಕ್ಕೂ ಅದ ಕಷ್ಟ. ಅದರ ಬದಲಿ ಮಣ್ಣು ತಿನ್ನೂ ಹುಳ, ಮಣ್ಣಿನ ಕೊಳವಿ ಕಟ್ಟೂ ಹುಳ ಜಾಸ್ತಿ ಆಗ್ತಾವ. ಸೋಸೂ ಮಂದಿ ಹೋಗಿ ತಿನ್ನೂ ಮಂದಿ ಬಂದಿದ್ರ ಹೂಳು ನಿನ್ನಿ ಮೊನ್ನಿದಲ್ಲ, ಒಂದೆರಡು ವರ್ಷದಿಂದ ಐತಿ. ಇವು ಇನ್ನೂ ಮೊದಲಿನಂಗ ಇದ್ದು ಕಡಲಕಳೆ ಅಷ್ಟ ಹೋಗಿದ್ರ ದೋಷ ಹೊಸದು, ಇಲ್ಲಾ ಹೂಳಲ್ಲ.

ಗಿಡ್ಡ ಪಾಚಿಯ ಗಂಟು

ನಮ್ಮ ದ್ವೀಪದ ಹಿಂದ, ದಂಡೆ ಕಡೆ ಮುಖ ಮಾಡಿದ ಒಂದು ಹಾಸುಗಲ್ಲು, 3 ಮೀಟರ್ ಆಳ. ಎರಡು ವರ್ಷ ಅಲ್ಲಿ ಸರ್ಗಾಸಮ್ ಬರ್ಲಿಲ್ಲ. ತಟ್ಟೆ ಅಳದ್ರ ಬೆಳಕು ಸಾಕಷ್ಟು. ನಿಂತ ಗ್ವಾಡಿ ಹಸರು. ಕೈ ಬೀಸಿದ್ರ ಹೊಗಿ. ಹೂಳು ಅಂತ ಖಾತ್ರಿ ಆತು. ಆದ್ರ ಆ ಸಲ ಮಳಿನೂ ಕಡಿಮಿ, ಟ್ರ್ಯಾಪಿನಾಗೂ ಹೆಚ್ಚಿಗಿ ಏನ ಬಿದ್ದಿರಲಿಲ್ಲ, ಹಂಗಾದ್ರ ಇಷ್ಟ ಹೂಳು ಎಲ್ಲಿಂದ ಅಂತ ತಲಿ ಕೆಟ್ಟಹೋತು. ಜತಿಗಿದ್ದ ಒಬ್ಬಾಕಿ ವಿದ್ಯಾರ್ಥಿನಿ ಕಲ್ಲಿನ ಮೈ ಕೆರದು ಭೂತಗನ್ನಡಿಯಾಗ ತೋರ್ಸಿದ್ಲು: ಕಲ್ಲಿನ ಮ್ಯಾಲ ಬೆರಳಗಂಟಿನಷ್ಟ ಎತ್ತರದ ಗಿಡ್ಡ ಪಾಚಿ, ಕಂಬಳಿ ಹಂಗ, ಅದರ ಎಳಿ ನಡುವ ಹೂಳು ಸಿಕ್ಕೊಂಡು ಕುಂತಿತ್ತು. ತೆರಿಗೆ ಹೋಗಬೇಕಾದ್ದು ಹೋಗಿರಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ದಂಡಿಯಾಗ ಕೆಲ್ಪ್ ಹೋದ ಕಡೆ ಇಂಥಾ ಗಿಡ್ಡ ಪಾಚಿನೇ ಜಾಗಾ ಹಿಡೀತು. ಊರಿನ ಕೊಳಚಿನೀರಿನ ಗೊಬ್ಬರಕ್ಕ ಗಿಡ್ಡ ಪಾಚಿ ಹುಲುಸಾಗಿ ಬರ್ತೈತಿ, ಹೂಳು ಹಿಡೀತೈತಿ, ಹೂಳಿನಾಗ ಕೆಲ್ಪಿನ ಮರಿ ಹತ್ತಂಗಿಲ್ಲ, ಕೆಲ್ಪಿನ ನೆರಳು ಇಲ್ಲದ್ದಕ್ಕ ಗಿಡ್ಡ ಪಾಚಿ ಇನ್ನೂ ಹಬ್ಬತೈತಿ. ಬೀಗ ಬಿದ್ದಂಗ. ಅಂದ್ರ ರಾಡಿ ಮೂಲ ನಿಂತ ಮ್ಯಾಲೂ ದೋಷ ಹಂಗೇ ಉಳಿಯಬಹುದು.

ಇಂಥಾ ಕಡೆ ಖಾತ್ರಿ ಮಾಡ್ಕೊಳ್ಳಾಕ ನಾಕ ಚೌಕದ ಪರೀಕ್ಷೆ ಮಾಡ್ತೀವಿ. ಅರ್ಧ ಅರ್ಧ ಮೀಟರಿನ ನಾಕು ಚೌಕ. ಒಂದನ್ನ ಮುಟ್ಟಂಗಿಲ್ಲ. ಒಂದನ್ನ ಗಟ್ಟಿ ಬ್ರಷಿಲೆ ತಿಕ್ಕಿ ಕಲ್ಲು ಕಾಣೂವಂಗ ಮಾಡೂದು. ಒಂದರ ಮ್ಯಾಲ ತಿಕ್ಕದೇ, ಕಿತ್ತು ತೇಲಿ ಬಂದ ಬೀಜದ ರೆಂಬಿಗೋಳನ್ನ ಬಲಿ ಚೀಲದಾಗ ಹಾಕಿ ತೂಗಬಿಡೂದು. ಇನ್ನೊಂದಕ್ಕ ತಿಕ್ಕೂದೂ, ಚೀಲಾನೂ. ಟೈಮು ಮುಖ್ಯ, ಗಿಡದಾಗ ಬೀಜ ತುಂಬಿದ್ದಾಗ ಮಾಡ್ಬೇಕು, ಬ್ಯಾಸಿಗಿಯಾಗ ಮಾಡಿದ್ರ ಬರೇ ಮೈಕೈ ನೋವು. ತಿಕ್ಕಿದ್ದರಾಗ ತಾನೇ ಮರಿ ಬಂದ್ರ ದೋಷ ಕಲ್ಲಿನ ಮೈಯಾಗಿನ ಹೂಳು ಪಾಚಿದು. ತಿಕ್ಕಿ ಚೀಲ ತೂಗಿದ್ದರಾಗ ಮಾತ್ರ ಬಂದ್ರ ಬೀಜದ್ದೂ ಕೊರತಿ ಐತಿ, ತಾಯಿಗಿಡ ಹತ್ರ ಉಳಿದಿಲ್ಲ. ತಿಕ್ಕದೇ ಚೀಲ ತೂಗಿದ್ದರಾಗೂ ಬಂದ್ರ ಹೂಳಿನ ಮ್ಯಾಲ ಹಾಕಿದ ಆರೋಪ ವಾಪಸ್ ತಗೊಳ್ರಿ. ಎಲ್ಲಾದರಾಗೂ ಬಂದು ಗೇಣುದ್ದ ಆಗೂದರಾಗ ಹೋದ್ರ ಮೇಯೂದೋ, ತಿಕ್ಕಾಟನೋ, ನೆರಳೋ, ಮತ್ತ ಮ್ಯಾಲಿನ ಗುರ್ತುಗೋಳಿಗೆ ಹೋಗ್ರಿ.

ಒಂದು ಎಚ್ಚರಿಕಿ: ಹವಳ ಇರೋ ಕಲ್ಲಿಗೆ ಬ್ರಷ್ ಮುಟ್ಟಿಸಲೇಬ್ಯಾಡ್ರಿ. ಗ್ರಾಂಡೆ ಸುತ್ತ ಹವಳ ಅದಾವ, ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ್ನೇ ಷೆಡ್ಯೂಲಿನಾಗ ಬರ್ತಾವ, ಹುಲಿಗಿದ್ದಷ್ಟ ರಕ್ಷಣಿ. ಸಂಸ್ಥೆಯವರ ಜೋಡಿ, ಪರವಾನಗಿ ಇಟ್ಟಕೊಂಡು ಮಾಡ್ರಿ. 1966ರಾಗ ಚಾಲೂ ಆದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಈಗ ದೋನಾ ಪಾವ್ಲಾದಾಗ ಐತಿ, ಕಡಲಕಳೆ ಓದಿದಾವ್ರು ಅಲ್ಲಿ ಸಿಗ್ತಾರ. ಜೀವ ಇರೋ ಗಿಡದಿಂದ ರೆಂಬಿ ಕೀಳಬ್ಯಾಡ್ರಿ, ತೇಲಿ ಬಂದದ್ದು ಬೇಕಾದಷ್ಟು ಸಿಗ್ತೈತಿ.

ನಮ್ಮ ಹಾಸುಗಲ್ಲಿನಾಗ ತಿಕ್ಕಿದ ಎರಡೂ ಚೌಕದಾಗ ಮರಿ ಬಂದ್ವು, ಚೀಲ ತೂಗಿದ್ದರಾಗ ಹೆಚ್ಚಿಗಿ. ಹಂಗಂತ ಕಲ್ಲೆಲ್ಲಾ ತಿಕ್ಕಾಕ ಹೋಗಲಿಲ್ಲ, ಯಾಕಂದ್ರ ಮೂಲ ಇನ್ನೂ ಗೊತ್ತಿರಲಿಲ್ಲ.

ಮೂಲದ ಕಡೆ ನಡದು ಹೋಗ್ರಿ

ಇದನ್ನ ಕಡಲಾಗ ಹುಡುಕಬ್ಯಾಡ್ರಿ. ಜೂನಿನ ಮೊದಲ್ನೇ ದೊಡ್ಡ ಮಳಿ ದಿನ ದಂಡಿಗುಂಟ ನಡೀರಿ, ಪ್ರತಿ ನಾಲಾದಾಗ ಒಂದೊಂದು ಬಾಟ್ಲಿ ತುಂಬ್ಕೊಳ್ರಿ, ಬಾಟ್ಲಿ ಮ್ಯಾಲ ಜಾಗಾ, ಟೈಮು ಬರೀರಿ. ಮಬ್ಬ ಜಾಸ್ತಿ ಇದ್ದ ನಾಲಾ ಹಿಡಕೊಂಡು ಮ್ಯಾಲ ಹತ್ರಿ. ನಾವು ಹಂಗ ಹತ್ತಿದಾಗ ಒಂದು ಗುಡ್ಡದ ಬದಿ ಸೈಟಿಗೆ ಅಂತ ಕಡದು ಹಂಗೇ ಬಿಟ್ಟಿದ್ದು ಸಿಕ್ತು, ಮ್ಯಾಲ ಒಂದು ಹುಲ್ಲಕಡ್ಡಿ ಇಲ್ಲ, ಹಸೀ ಗಾಯದಂಗ ಕೆಂಪಗ, ಮಳಿ ಹನಿ ಹನಿಗೂ ಕರಗಿ ಇಳೀತಿತ್ತು. ನನಗ ಅವತ್ತು ಬಾಳ ಸಂಕಟ ಆತ್ರಿ. ಅಲ್ಲೇ ಕೆಲಸ ಮಾಡ್ತಿದ್ದಾವ್ರು ನಮ್ಮ ಊರ ಕಡೆಯಾವ್ರೇ, ಗದಗ, ಕುಷ್ಟಗಿ ಮಂದಿ, ತಗಡಿನ ಶೆಡ್ಡಿನಾಗ ನೀರು ಹೊಕ್ಕು ಅವರೂ ಅದ ಕೆಸರಿನಾಗ ಕುಂತಿದ್ರು. ಅವರಿಗೆ ಬೈದು ಏನ ಉಪಯೋಗ. ಮೇಸ್ತ್ರಿ ಕಾಕಾ ಮಾತ್ರ ಪೂರ್ತಿ ಕೇಳಿದ, ಕೇಳಿ, ನಾಲಾಕ್ಕ ಅಡ್ಡ ಕಲ್ಲು ಜೋಡಿಸಿ, ತೆಂಗಿನ ನಾರಿನ ಸುರಳಿ ಕಟ್ಟಿ, ಮುಂದಿನ ಮಳಿಗಿಂತ ಮೊದ್ಲ ಕಡದ ಜಾಗಾಕ್ಕ ಹುಲ್ಲು ಹಾಸಿಸಿದ. ಊರಾಗ ಹೊಲದ ಒಡ್ಡು ಹಾಕಿದ ಕೈ ಅದು, ನೀರು ಎಲ್ಲಿ ಮಣ್ಣು ಬಿಡ್ತೈತಿ ಅಂತ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಎಲ್ಲಾ ಕೇಸಿಗೂ ಒಂದ ಮೂಲ ಇರ್ತೈತಿ ಅಂತಲ್ಲ. ಲಾಸ್ ಏಂಜಲಿಸ್ ಹತ್ರದ ಪಾಲೋಸ್ ವೆರ್ದೆಸ್‌ದಾಗ ಕೆಲ್ಪ್ ಹೋದಾಗ ಊರಿನ ಕೊಳಚಿ ಪೈಪೂ ಇತ್ತು, 1956ರಿಂದ ಜಾರಾಕ ಚಾಲೂ ಆದ ಪೋರ್ಚುಗೀಸ್ ಬೆಂಡ್ ಗುಡ್ಡದ ಮಣ್ಣೂ ಇತ್ತು, ಬಿಸಿನೀರಿನ ವರ್ಷಾನೂ ಬಂದಿತ್ತು, ಕಡಲಮುಳ್ಳುಚೆಂಡುಗಳು ಮೇಯಾಕತ್ತಿದ್ವು. ಕೊಳಚಿ ಶುದ್ಧ ಮಾಡೂದು ಸುಧಾರಿಸಿ, ಕೆಲ್ಪ್ ತಂದು ನೆಟ್ಟ ಮ್ಯಾಲ 1970ರ ದಶಕದಾಗ ಹಾಸು ತಿರಗಿ ಬರಾಕ ಹತ್ತಿತು. ಗುಡ್ಡ ಮಾತ್ರ ಇನ್ನೂ ಜಾರ್ತಾನೇ ಐತಿ, ಅದರ ಬುಡದಾಗ ಕಲ್ಲು ಹುಗದೇ ಐತಿ.

ನಮ್ಮ ಹಾಸುಗಲ್ಲಿಗೆ ಮೂಲ ಕಟ್ಟಿದ ಮುಂದಿನ ಚಳಿಗಾಲಕ್ಕ ಅಂಚಿನಿಂದ ಒಳಗ ಎರಡು ಮೊಳ ಗಿಡ ಸರದು ಬಂದಾವ. ನಡು ಇನ್ನೂ ಕಂಬಳಿ ಪಾಚಿನೇ. ಬರೂ ಡಿಸೆಂಬರಿಗೆ ನಡುಭಾಗದಾಗ ಇನ್ನೂ ಎಂಟು ಚೌಕ ತಿಕ್ಕಬೇಕಂತ ಮಾಡೀವಿ, ಹುಣ್ಣಿವಿ ಸುಕ್ತಿ ನೋಡಿ ಬೆಳಿಗ್ಗೆ ಹೋಗೂದು. ಬೋಟಿನಾಗ ಜಾಗಾ ಐತಿ, ಬ್ರಷ್ ನಿಮ್ಮದ ತರ್ರಿ.